ಬಂಗಾರದ ಆವೃತ್ತಿಗೆ ಕೂಡಿಬರದ ನನ್ನ ಮದುವೆ

ಬೇಡದ ಸಾಮಾನನ್ನು ಈ ತಾಯುಮಾನವನ ತಲೆಗೆ ಕಟ್ಟುವ ಗಂಡಸು ತಿರುಚಿನಾಪಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟಿದರೂ ಅವನನ್ನು ಬರಿಗೈಯಲ್ಲಿ ವಾಪಸು ಕಳಿಸದೆ ಬಿಡುವುದಿಲ್ಲ ಎಂದು ಹೋದ ವರ್ಷದ ಆಡಿ ತಿಂಗಳವರೆಗೂ ನಾನು ಎದೆ ತಟ್ಟಿ ಹೇಳುತ್ತಿದ್ದೆ. ಹೇಳುವ ಹಕ್ಕೂ ನನಗಿತ್ತು. ಚಿನ್ನಕಡೈ ಬೀದಿಯಲ್ಲಿ ಮೂವತ್ತಾರು ವರ್ಷದಿಂದ ಗ್ರಂದಿಗೆ ಅಂಗಡಿ ನಡೆಸುತ್ತಿದ್ದೇನೆ. ಶುಂಠಿ, ಅತಿಮಧುರ, ಕರ್ಪೂರ, ವಿಭೂತಿ, ಮುಖಕ್ಕೆ ಹಚ್ಚುವ ಅರಿಶಿನ.

ಅರಿಶಿನದ ಮಾತು ಬಂದದ್ದರಿಂದ ಒಂದು ವ್ಯಾಪಾರದ ಗುಟ್ಟು ಹೇಳಿಬಿಡುತ್ತೇನೆ. ನನ್ನ ಅಂಗಡಿಯಲ್ಲಿ ಅರಿಶಿನ ಮೂರು ತರಹದ್ದು. ಕಾಗದದ ಪೊಟ್ಟಣದಲ್ಲಿರುವುದು ಸಾದಾ. ಪ್ಲಾಸ್ಟಿಕ್ ಚೀಲದಲ್ಲಿರುವುದು ಸ್ಪೆಷಲ್. ಮಹಾಲಕ್ಷ್ಮಿಯ ಪಟವಿರುವ ಬಾಟಲಿಯಲ್ಲಿರುವುದು ಸೂಪರ್ ಸ್ಪೆಷಲ್. ಮೂರೂ ಈರೋಡಿನಿಂದ ಬರುವ ಒಂದೇ ಮೂಟೆಯದು. ಮೂಟೆ ಒಂದು, ಗಿರಾಕಿಯ ಮನಸ್ಸು ಮೂರು. ಇದರಲ್ಲಿ ಮೋಸವೇನೂ ಇಲ್ಲ. ಬಾಟಲಿಯದನ್ನು ಕೊಂಡವಳ ಮುಖ ನಿಜಕ್ಕೂ ಒಂದು ತೂಕ ಹೆಚ್ಚೇ ಹೊಳೆಯುತ್ತದೆ. ಅದು ಅರಿಶಿನದ ಹೊಳಪಲ್ಲ, ಹೆಚ್ಚು ಕೊಟ್ಟೆನೆಂಬ ಹಮ್ಮಿನ ಹೊಳಪು. ಆ ಹಮ್ಮನ್ನು ಮಾರಿ ಮಗಳ ಮದುವೆ ಮಾಡಿದವನು ನಾನು. ಅಂಥವನಿಗೆ ಯಾರು ಏನು ಮಾರಿಯಾರು?

ಮಾರಿದವನ ಹೆಸರು ಕದಿರವನ್.

ಅಂಗಡಿಯ ಮೂಲೆಯಲ್ಲಿ, ಕರ್ಪೂರದ ಡಬ್ಬಗಳ ಪಕ್ಕ, ಒಂದು ಕಂಪ್ಯೂಟರ್ ಇದೆ. ಅದರೊಳಗೆ 'ಗ್ರಹಸೇವಕನ್' ಎಂಬ ಜಾತಕದ ತಂತ್ರಾಂಶ. ಹುಡುಗ ಹುಡುಗಿಯರ ಜನ್ಮದಿನ, ಹೊತ್ತು, ಊರು ಬಡಿದರೆ ಎರಡು ಕುಂಡಲಿ, ಹತ್ತು ಕೂಟಗಳ ಹೊಂದಾಣಿಕೆ, ಒಟ್ಟು ಮೂರು ಪುಟ ಹೊರಗೆ ಬರುತ್ತದೆ. ಒಂಬತ್ತು ವರ್ಷದ ಹಿಂದೆ ಸಾವಿರದಿನ್ನೂರು ರೂಪಾಯಿ ಕೊಟ್ಟು ಕೊಂಡದ್ದು; ಅದಕ್ಕೆ ಬೆಳ್ಳಿ ಆವೃತ್ತಿ ಎಂದು ಹೆಸರು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಕೆಮ್ಮಿಲ್ಲ, ಸೀನಿಲ್ಲ.

ಆಡಿಯಲ್ಲಿ, ಅಂದರೆ ಆಷಾಢದಲ್ಲಿ, ಮದುವೆಗಳಿಲ್ಲ, ಜಾತಕ ಕೇಳುವವರೂ ಇಲ್ಲ. ನಾನು ನೊಣ ಓಡಿಸುತ್ತ ಕೂತಿದ್ದಾಗ ಕದಿರವನ್ ಬಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ, ಬಾಯಲ್ಲಿ ಜೇನು. ಬಂಗಾರದ ಆವೃತ್ತಿ ಬಂದಿದೆ ಅಂದ. ಬೆಳ್ಳಿಯಲ್ಲಿ ತಾರೀಖನ್ನು ಕೈಯಾರೆ ಬಡಿಯಬೇಕಂತೆ, ಬಂಗಾರದಲ್ಲಿ ಗುರುತಿನ ಚೀಟಿಯನ್ನು ಕ್ಯಾಮರಾಕ್ಕೆ ತೋರಿಸಿದರೆ ಸಾಕು, ಹೆಸರು, ಜನ್ಮದಿನ ಎಲ್ಲ ತಾನೇ ಓದಿಕೊಳ್ಳುತ್ತದಂತೆ, ಹೊತ್ತು, ಊರು ಮಾತ್ರ ಬಡಿದರಾಯಿತಂತೆ.

"ನನ್ನ ಬೆರಳು ಇನ್ನೂ ಸವೆದಿಲ್ಲ ತಮ್ಮಾ" ಅಂದೆ.

"ಬೆಳ್ಳೀಲಿ ಮೂರು ಪುಟ ಅಣ್ಣಾ. ಬಂಗಾರದಲ್ಲಿ ಎಂಬತ್ತನಾಲ್ಕು."

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಹೆಣ್ಣಿನ ತಂದೆ ಮೂರು ಪುಟಕ್ಕೆ ಕೊಡುವುದೇನು, ಎಂಬತ್ತನಾಲ್ಕು ಪುಟಕ್ಕೆ ಕೊಡುವುದೇನು? ಮೂರು ಪುಟದ ಭವಿಷ್ಯವನ್ನು ಜೇಬಿನಲ್ಲಿ ಮಡಚಿ ಇಟ್ಟುಕೊಳ್ಳುತ್ತಾನೆ. ಎಂಬತ್ತನಾಲ್ಕು ಪುಟದ್ದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಬೇಕು. ಭಾರಕ್ಕೆ ಬೆಲೆ ಇಲ್ಲವೆ?

ಹದಿನೆಂಟು ಸಾವಿರ ಅಂದ. ಎಂಟು ಅಂದೆ. ಅವನು ಎದೆಗೆ ಕಲ್ಲು ಬಿದ್ದವನ ಹಾಗೆ ಮುಖ ಮಾಡಿದ. ನಾನು ಮಜ್ಜಿಗೆ ತರಿಸಿದೆ. ಕುಡಿದು, ಬೆವರು ಒರೆಸಿಕೊಂಡು, ಆಡಿ ತಿಂಗಳ ರಿಯಾಯಿತಿ ಅಂತ ಹೇಳಿ, ಯಾರಿಗೂ ಹೇಳಬೇಡಿ ಅಣ್ಣಾ ಅಂತ ಪಿಸುಗುಟ್ಟಿ, ಹದಿನಾಲ್ಕಕ್ಕೆ ಇಳಿದ. ಅವನ ಹೊಟ್ಟೆಯಿಂದ ನಾಲ್ಕು ಸಾವಿರ ಕಿತ್ತೆನಲ್ಲ ಎಂದು ನಾನು ಮೀಸೆಯ ಮೇಲೆ ಕೈಯಾಡಿಸಿದೆ. ರಸೀತಿಯ ಪುಸ್ತಕದಲ್ಲಿ 'ಹದಿನಾಲ್ಕು ಸಾವಿರ' ಎಂದು ಮೊದಲೇ ಅಚ್ಚಾಗಿದ್ದದ್ದು ಅವನು ಬೀದಿ ದಾಟಿದ ಮೇಲೆ ಕಂಡಿತು. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ 'ವರ್ಷವೊಂದಕ್ಕೆ' ಎಂದೂ ಇತ್ತು. ರುಬ್ಬುವ ಕಲ್ಲನ್ನು ಕೊಂಡ ಮೇಲೆ, ರುಬ್ಬುತ್ತಿದ್ದೇನೆಂದು ವರ್ಷ ವರ್ಷ ಕಲ್ಲುಕುಟಿಗನಿಗೆ ಕಾಣಿಕೆ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಆದರೂ ಬಂಗಾರ ಬಂಗಾರವೇ.

ಅಂಗಡಿಯ ಮೇಲೇ ನಮ್ಮ ಮನೆ. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿ ಮಂಗೈಯರ್ಕರಸಿಗೆ ಸುದ್ದಿ ಹೇಳಿದೆ. ಅವಳು ವತ್ತಲ್ ಕುಳಂಬಿನ ಸೌಟು ಹಿಡಿದುಕೊಂಡೇ ವಿಚಾರಣೆ ಶುರುಮಾಡಿದಳು.

"ಬೆಳ್ಳೀದು ಕೆಟ್ಟೋಗಿತ್ತಾ?"

"ಇಲ್ಲ."

"ತಪ್ಪು ಹೇಳ್ತಿತ್ತಾ?"

"ಇಲ್ಲ."

"ಮತ್ತೆ ಯಾಕ್ರೀ?"

"ಅದು ಬೆಳ್ಳಿ ಮಂಗೈ, ಇದು ಬಂಗಾರ."

"ಬಂಗಾರ ಅಂದ್ರೆ ಕಿವಿಗೆ ಹಾಕ್ಕೊಳ್ಳೋ ಹಾಗಿರ್ಬೇಕು" ಅಂದು ಸೌಟು ಇಟ್ಟಳು.

ಹದಿನಾಲ್ಕು ಸಾವಿರದ ಮಹಿಮೆಯನ್ನು ಇವಳಿಗೆ ತೋರಿಸಲೇಬೇಕು ಎನ್ನಿಸಿತು. ಅದಕ್ಕೆ ತಕ್ಕ ಸಂದರ್ಭವೂ ಕೈಯಲ್ಲೇ ಇತ್ತು. ಆಡಿ ಮುಗಿದೊಡನೆ ಬರುವ ಆವಣಿ ತಿಂಗಳ ಹತ್ತಕ್ಕೆ ನನಗೆ ಅರವತ್ತು ತುಂಬುತ್ತಿತ್ತು. ಅರವತ್ತು ತುಂಬಿದ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಬೇಕು. ಅದೇ ಹೆಂಡತಿಗೆ, ಶಾಸ್ತ್ರದಲ್ಲಿ ಬೇರೆ ಅನುಕೂಲ ಇಟ್ಟಿಲ್ಲ. ತಿರುಕ್ಕಡೈಯೂರಿನ ದೇವಸ್ಥಾನದಲ್ಲಿ ದಿನ ಗೊತ್ತಾಗಿತ್ತು. ಮಗಳು ಅಳಿಯ ಸೇರಿ ಕರೆಯೋಲೆ ಹಂಚಿದ್ದರು. ನೆಂಟರಿಗೆ ಎರಡು ಬಸ್ಸು, ನಾದಸ್ವರ, ಅಡುಗೆಯವರು, ಎಲ್ಲಕ್ಕೂ ಮುಂಗಡ ಹೋಗಿತ್ತು. ಮೊದಲ ಮದುವೆಯಲ್ಲಿ ನಮ್ಮಪ್ಪ ಪಂಚಾಂಗದ ಜೋಯಿಸರ ಹತ್ತಿರ ಜಾತಕ ತೋರಿಸಿದ್ದ. ಹತ್ತಕ್ಕೆ ಒಂಬತ್ತು ಕೂಟ ಕೂಡಿತ್ತು. ಈ ಎರಡನೇ ಮದುವೆಗೆ ಬಂಗಾರದ ಆವೃತ್ತಿಯಲ್ಲೇ ತೋರಿಸಿ, ಎಂಬತ್ತನಾಲ್ಕು ಪುಟವನ್ನು ಬಣ್ಣದಲ್ಲಿ ಅಚ್ಚುಹಾಕಿ, ಮದುವೆ ಮಂಟಪದಲ್ಲಿ ನೆಂಟರಿಗೆಲ್ಲ ತೋರಿಸುವುದೆಂದು ತೀರ್ಮಾನಿಸಿದೆ. ಒಳ್ಳೆಯ ಜಾಹೀರಾತೂ ಆದೀತು.

ನನ್ನ ಚೀಟಿ, ಅವಳ ಚೀಟಿ, ಎರಡನ್ನೂ ಕ್ಯಾಮರಾಕ್ಕೆ ತೋರಿಸಿ, ಹೊತ್ತು, ಊರು ಬಡಿದೆ. ಗಂಟೆ ಬಾರಿಸಿತು, ಶಂಖ ಊದಿತು, ಅಚ್ಚಾಗಿ ಬಂತು. ಆ ಕಟ್ಟನ್ನು ಮಗುವಿನ ಹಾಗೆ ಎತ್ತಿಕೊಂಡು ಮೇಲೆ ಹೋದೆ. ನನ್ನ ತಾಯಿ ವಡಿವಾಂಬಾಳ್ ಉಯ್ಯಾಲೆಯಲ್ಲಿ ಕೂತಿದ್ದಳು. ಎಂಬತ್ತಮೂರು ವರ್ಷ; ಮಂಡಿ ಎರಡೂ ನೋವು, ನಾಲಿಗೆ ಮಾತ್ರ ಆರೋಗ್ಯ. ಮಂಗೈ ಅವಳ ಕಾಲ ಬಳಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಮೊದಲ ಹತ್ತು ಹನ್ನೆರಡು ಪುಟ ದೇವರ ಪಟ, ಸ್ತೋತ್ರ ಎಂದು ಹಾರಿಸಿ, ನೇರವಾಗಿ ಹೊಂದಾಣಿಕೆಯ ಪುಟಕ್ಕೆ ಹೋಗಿ ಜೋರಾಗಿ ಓದತೊಡಗಿದೆ.

"ಹತ್ತು ಕೂಟಗಳಲ್ಲಿ ಕೂಡಿದವು ಮೂರು."

ನನ್ನ ಧ್ವನಿ ತಾನಾಗಿಯೇ ಇಳಿಯಿತು. ಆದರೆ ಬಾಯಿ ನಿಲ್ಲಲಿಲ್ಲ; ಹದಿನಾಲ್ಕು ಸಾವಿರ ಕೊಟ್ಟ ಬಾಯಿ. ವಧುವಿನ ನಕ್ಷತ್ರ ಆಶ್ಲೇಷಾ. ಅತ್ತೆಗೆ ಪೀಡೆ, ಗಂಡನಿಗೆ ಕಳತ್ರದೋಷ, ಈ ವಿವಾಹವನ್ನು ಮಾಡದಿರುವುದು ಉಭಯ ಕುಲಕ್ಕೂ ಕ್ಷೇಮ.

ಉಯ್ಯಾಲೆ ನಿಂತಿತು.

ಮಂಗೈಯ ನಕ್ಷತ್ರ ರೋಹಿಣಿ. ಮೂವತ್ತನಾಲ್ಕು ವರ್ಷದಿಂದ ಮಲೆಕೋಟೆಯ ಪಿಳ್ಳೆಯಾರ್ ಗಣಪನ ಸನ್ನಿಧಿಯಲ್ಲಿ ಅರ್ಚನೆಗೆ ಅದೇ ನಕ್ಷತ್ರ ಹೇಳುತ್ತ ಬಂದವನು ನಾನೇ. ಆದರೆ ಆ ಗಳಿಗೆಯಲ್ಲಿ ನನ್ನ ತಲೆ ವ್ಯಾಪಾರಿಯ ಲೆಕ್ಕ ಹಾಕಿತು. ರೋಹಿಣಿ ಎಂದದ್ದು ಪಂಚಾಂಗ. ಅದಕ್ಕೆ ಕೊಟ್ಟದ್ದು ವೀಳ್ಯದೆಲೆ ಮತ್ತು ಒಂದೂಕಾಲು ರೂಪಾಯಿ. ಆಶ್ಲೇಷಾ ಎಂದದ್ದು ಹದಿನಾಲ್ಕು ಸಾವಿರ. ಯಾವುದು ಸರಿಯಿದ್ದೀತು?

"ಬಂಗಾರದಲ್ಲಿ ಸೂಕ್ಷ್ಮ ಗಣಿತ ಇರುತ್ತೆ" ಅಂದೆ. "ಇಷ್ಟು ವರ್ಷ ನಾವೇ ತಪ್ಪು ನಕ್ಷತ್ರಕ್ಕೆ ಅರ್ಚನೆ ಮಾಡಿಸಿದೀವಿ."

ಅಮ್ಮ ತನ್ನ ಮಂಡಿಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಅದಕ್ಕೇ ಕಣೋ ತಾಯು. ಡಾಕ್ಟರು ಸವಕಲು ಅಂದ. ಸವಕಲು ಅಲ್ಲ, ಆಶ್ಲೇಷಾ."

"ಅತ್ತೆ, ಇನ್ನೊಂದು ಮಂಡಿ ಈ ಕಡೆ ಕೊಡಿ" ಅಂದಳು ಮಂಗೈ. ಅದಕ್ಕೂ ಎಣ್ಣೆ ತಿಕ್ಕಿ, ಕೈ ಒರೆಸಿಕೊಂಡು, ನನ್ನ ಕೈಯಿಂದ ಕಟ್ಟನ್ನು ತೆಗೆದುಕೊಂಡಳು. ಮೊದಲ ಪುಟ ತಿರುವಿದಳು. ಅಷ್ಟೇ. ಮುಚ್ಚಿ ವಾಪಸು ಕೊಟ್ಟಳು.

"ಸರಿ ಬಿಡಿ. ಮದುವೆ ಬೇಡ."

"ಏನಂದೆ?"

"ಮೊದಲನೇ ಸಲ ನನ್ನನ್ನ ಯಾರೂ ಕೇಳ್ಲಿಲ್ಲ. ನೀವು ಬಂದ್ರಿ, ಬಜ್ಜಿ ತಿಂದ್ರಿ, ನಿಮ್ಮಪ್ಪ ದಿನ ಇಟ್ರು. ಈ ಸಲ ಜಾತಕಾನೇ ನನ್ನ ಕಡೆ ಇದೆ. ನಾನು ಹಸೆ ಮೇಲೆ ಕೂರೋದಿಲ್ಲ."

ತಮಾಷೆ ಎಂದುಕೊಂಡೆ. ಮರುದಿನ ಸೀರೆ ಆರಿಸಲು ಮಗಳು ಫೋನು ಮಾಡಿದಾಗ, "ನಿಮ್ಮಪ್ಪನಿಗೆ ಬೇರೆ ಹೆಣ್ಣು ನೋಡ್ತಿದಾರೆ ಕಣೆ" ಅಂದು ಮಂಗೈ ಫೋನು ಇಟ್ಟಳು. ತಮಾಷೆಯಲ್ಲ ಎಂದು ಆಗ ಗೊತ್ತಾಯಿತು. ಮೂರು ವಾರದಲ್ಲಿ ಎರಡು ಬಸ್ಸು ತುಂಬ ನೆಂಟರು, ಮದುಮಗಳಿಲ್ಲದ ಮದುವೆ!

ಈಗ ನನ್ನ ಸಂಕಟ ನೋಡಿ. ತಂತ್ರಾಂಶ ಸುಳ್ಳು ಎಂದರೆ ಹೆಂಡತಿ ಉಳಿಯುತ್ತಾಳೆ, ಆದರೆ ನಾನು ಮೋಸಹೋದೆನೆಂದು ಒಪ್ಪಿದ ಹಾಗೆ. ತಂತ್ರಾಂಶ ನಿಜ ಎಂದರೆ ಮರ್ಯಾದೆ ಉಳಿಯುತ್ತದೆ, ಹೆಂಡತಿ ಹೋಗುತ್ತಾಳೆ. ತಿಳಿದವರು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ನಾನು ಕದಿರವನಿಗೆ ಫೋನು ಮಾಡಿದೆ.

"ದೋಷ ತೋರಿಸಿತಾ ಅಣ್ಣಾ? ಬಂಗಾರದ ಶಕ್ತಿಯೇ ಅದು. ಬೆಳ್ಳಿಗೆ ಅಷ್ಟು ದೋಷ ಕಾಣೋದೇ ಇಲ್ಲ."

"ಪರಿಹಾರ ಎಲ್ಲಿದೆಯಪ್ಪ? ಎಂಬತ್ತನಾಲ್ಕನೇ ಪುಟಕ್ಕೆ ಮುಗಿದುಹೋಯ್ತಲ್ಲ."

"ಪರಿಹಾರ ವಜ್ರದ ಆವೃತ್ತೀಲಿ ಬರುತ್ತೆ ಅಣ್ಣಾ."

ರೋಗ ಒಂದು ಅಂಗಡಿಯಲ್ಲಿ, ಮದ್ದು ಇನ್ನೊಂದು ಅಂಗಡಿಯಲ್ಲಿ, ಎರಡಕ್ಕೂ ಒಬ್ಬನೇ ಮಾಲೀಕ. ಮೂವತ್ತಾರು ವರ್ಷ ವ್ಯಾಪಾರ ಮಾಡಿಯೂ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅವನಿಗೊಂದು ನಮಸ್ಕಾರ ಹಾಕಿ, ಇನ್ನೂ ಒಂಬತ್ತು ಸಾವಿರ ಕಳಿಸಿದೆ.

ವಜ್ರ ಹೇಳಿದ ಪರಿಹಾರ: ಕಳತ್ರದೋಷವುಳ್ಳ ವರನು ಮೊದಲು ಬಾಳೆಗಿಡಕ್ಕೆ ತಾಳಿ ಕಟ್ಟಿ, ಅದನ್ನು ಕಡಿದು, ಆಮೇಲೆ ವಧುವಿನ ಕೈ ಹಿಡಿಯತಕ್ಕದ್ದು. ಪುರೋಹಿತರೂ ಬೇಡ, ಮಂತ್ರವನ್ನು ಫೋನೇ ಹೇಳುತ್ತದೆ.

ಹಿತ್ತಿಲಲ್ಲಿ ಒಂದೇ ಒಂದು ಪೂವನ್ ಬಾಳೆಯಿತ್ತು. ಮಂಗೈ ಪಾತ್ರೆ ತೊಳೆದ ನೀರು ಹುಯ್ದು ಬೆಳೆಸಿದ್ದು. ಗೊನೆ ತುಂಬಿ ತೂಗುತ್ತಿತ್ತು. ಶುಕ್ರವಾರ ಬೆಳಿಗ್ಗೆ, ಅರವತ್ತರ ಹೊಸ್ತಿಲಲ್ಲಿ, ರೇಷ್ಮೆ ಪಂಚೆ ಉಟ್ಟು, ನಾನು ಅದಕ್ಕೆ ಅರಿಶಿನದ ದಾರ ಕಟ್ಟಿದೆ. ಅಮ್ಮ ಕಿಟಕಿಯಿಂದ ಅಕ್ಷತೆ ಹಾಕಿದಳು. ಮಂಗೈ ಒಗೆಯುವ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತ ನೋಡಿದಳು.

"ಒಳ್ಳೆ ಜೋಡಿ" ಅಂದಳು. "ಎದುರು ಮಾತಾಡೋದಿಲ್ಲ."

ಕತ್ತಿ ಬೀಸಿದೆ. ಕಡಿದ ಗಿಡ ಯಾವ ಕಡೆ ಬೀಳಬೇಕೆಂಬುದನ್ನು ವಜ್ರದ ಆವೃತ್ತಿ ಹೇಳಿರಲಿಲ್ಲ. ಗೊನೆಯ ಭಾರಕ್ಕೆ ಅದು ನೇರವಾಗಿ ನೀರಿನ ಮೋಟಾರಿನ ಪೈಪಿನ ಮೇಲೆ ಕುಕ್ಕರಿಸಿತು. ಪೈಪು ಮುರಿದು ನೀರು ಆಳೆತ್ತರ ಚಿಮ್ಮಿತು. ರೇಷ್ಮೆ ಪಂಚೆ, ಫೋನು, ಮಂತ್ರ, ಎಲ್ಲಕ್ಕೂ ಏಕಕಾಲಕ್ಕೆ ಅಭಿಷೇಕವಾಯಿತು. ಎರಡು ದಿನ ಮನೆಯಲ್ಲಿ ನೀರಿಲ್ಲ. ಬೀದಿಯ ನಲ್ಲಿಯಿಂದ ಕೊಡ ಹೊತ್ತು ತಂದವನು ನಾನು.

ಮೂರನೇ ಕೊಡ ಇಳಿಸುವಾಗ ಮಂಗೈ ಹೇಳಿದಳು: "ಆ ಹೆಂಡತಿ ಒಂದೇ ಗಳಿಗೇಲಿ ಮನೆ ನೀರು ನಿಲ್ಲಿಸಿಬಿಟ್ಟಳು. ನಾನು ಮೂವತ್ತನಾಲ್ಕು ವರ್ಷ ನಿಲ್ಲಿಸ್ಲಿಲ್ಲ."

ದೋಷ ಹೋಯಿತಲ್ಲ, ಈಗಲಾದರೂ ಹಸೆಗೆ ಬಾ ಎಂದು ಕೇಳಿದೆ. ನನ್ನ ಮಾತಿನಲ್ಲಿ ಚೌಕಾಸಿ ಮಾಡುವ ಗಿರಾಕಿಯ ದನಿ ಬಂದಿತ್ತು.

"ಕ್ರಮವಾಗಿ ಹೆಣ್ಣು ನೋಡೋಕೆ ಬನ್ನಿ" ಅಂದಳು. "ಹೂವು, ಹಣ್ಣು ತಗೊಂಡು. ಆಡಿ ತಿಂಗಳಲ್ಲಿ ಹೆಣ್ಣು ನೋಡೋದಿಲ್ಲ. ಆವಣಿ ಹುಟ್ಟಲಿ."

ಆವಣಿ ಒಂದಕ್ಕೆ ನಾನು ನನ್ನದೇ ಮನೆಯ ಬಾಗಿಲು ತಟ್ಟಿದೆ. ಮದುವೆಗೆ ಒಂಬತ್ತು ದಿನ ಉಳಿದಿತ್ತು. ತಟ್ಟೆಯಲ್ಲಿ ಮಲ್ಲಿಗೆ, ಮೂಸಂಬಿ, ಕಲ್ಲುಸಕ್ಕರೆ. ನನ್ನ ಕಡೆಯವರೆಂದು ಹೇಳಿಕೊಳ್ಳಲು ಇದ್ದದ್ದು ಅಮ್ಮ ಒಬ್ಬಳು. ಅವಳು ಆಗಲೇ ಹೋಗಿ ಹೆಣ್ಣಿನ ಪಕ್ಕ ಕೂತುಬಿಟ್ಟಿದ್ದಳು.

"ನೀನು ಆ ಕಡೆ ಯಾಕಮ್ಮ? ನಿನಗೆ ಆಶ್ಲೇಷಾ ಪೀಡೆ ಅಲ್ವಾ?"

"ಪೀಡೆ ಇರ್ಲಿ ಬಿಡು. ಎಣ್ಣೆ ತಿಕ್ಕೋರು ಯಾರು, ನಿನ್ನ ಬಾಳೆಗಿಡಾನಾ?" ಅಂದು ಸೊಸೆಯ ಸೆರಗು ಸರಿಮಾಡಿದಳು. "ನಮ್ಮ ಹುಡುಗಿ ಕೇಳೋದಿದ್ರೆ ಕೇಳ್ಲಿ."

ಹುಡುಗಿ ಕೇಳಿದಳು. ಅಡುಗೆ ಬರುತ್ತದೆಯೇ ಎಂದಳು; ಬಿಸಿನೀರು ಕಾಯಿಸುತ್ತೇನೆ ಅಂದೆ. ಹಾಡು ಬರುತ್ತದೆಯೇ ಎಂದಳು, ಇಲ್ಲ ಅಂದೆ. ಇವನ್ನೆಲ್ಲ ಅವತ್ತು ನಮ್ಮಪ್ಪ ಅವಳನ್ನು ಕೇಳಿದ್ದು ನೆನಪಾಯಿತು. ಅವಳು ಆಗ ನಡುಗುತ್ತ ಎರಡು ಸಾಲು ಹಾಡಿದ್ದಳು, ನಾನು ಬಜ್ಜಿ ತಿನ್ನುತ್ತಿದ್ದೆ. ಈಗಲೂ ನನ್ನ ಮುಂದೆ ಬಜ್ಜಿಯಿತ್ತು, ಒಂದನ್ನೂ ಮುಟ್ಟಲಿಲ್ಲ. ಈ ಹೆಂಗಸು ಬೇಡವೆಂದರೆ ಆವಣಿ ಹತ್ತಕ್ಕೆ ಬಸ್ಸಿನವರಿಗೆ ಏನು ಹೇಳಲಿ ಎಂಬುದು ನಿಜವಾದ ಚಿಂತೆಯಲ್ಲವೆಂದು ಅಲ್ಲಿ ಕೂತಾಗ ಗೊತ್ತಾಯಿತು. ಹನ್ನೊಂದಕ್ಕೆ, ಹನ್ನೆರಡಕ್ಕೆ, ಆಮೇಲೆ ದಿನಾ ನಾನು ಯಾರಿಗೆ ಏನು ಹೇಳಲಿ?

"ಕೊನೇ ಪ್ರಶ್ನೆ" ಅಂದಳು. "ಹುಡುಗಿ ಹುಟ್ಟಿದ್ದು ಯಾವಾಗ?"

"ಐಪ್ಪಸಿ ತಿಂಗಳು, ರೋಹಿಣಿ" ಅಂದೆ. ಬಾಯಿಗೆ ತಾನಾಗಿ ಬಂತು. "ದೀಪಾವಳಿ ಆದ್ಮೇಲೆ, ಸುರಿಯೋ ಮಳೇಲಿ. ವರ್ಷಾ ವರ್ಷಾ ಆ ದಿನ ಮಲ್ಲಿಗೆ ತಂದು ಕೊಡ್ತೀನಲ್ಲ."

ಅವಳು ಸೆರಗಿನ ಮರೆಯಿಂದ ಆ ಎಂಬತ್ತನಾಲ್ಕು ಪುಟದ ಕಟ್ಟನ್ನು ತೆಗೆದು, ಮೊದಲ ಪುಟ ತೆರೆದು, ಬಜ್ಜಿಯ ತಟ್ಟೆಯ ಪಕ್ಕ ಇಟ್ಟಳು. ನಾನು ಹಾರಿಸಿದ ಪುಟ. ದೇವರ ಪಟದ ಕೆಳಗೆ ಸ್ಪಷ್ಟವಾಗಿ ಅಚ್ಚಾಗಿತ್ತು. ವಧುವಿನ ಜನ್ಮದಿನ: ಜೂನ್ ಒಂದು.

"ಅದು ನಮ್ಮ ಹೆಡ್‌ಮಾಸ್ಟರು ಹೆತ್ತ ದಿನ" ಅಂದಳು. "ಶಾಲೆಗೆ ಸೇರಿಸುವಾಗ ಬರೆದದ್ದು. ಆ ಒಂದು ದಿನ ನಮ್ಮೂರಲ್ಲಿ ನಲವತ್ತು ಮಕ್ಕಳು ಹುಟ್ಟಿದ್ವು. ಚೀಟೀಲಿ ಅದೇ ಇದೆ. ನಿಮ್ಮ ಬಂಗಾರ ಚೀಟಿ ಓದ್ತು, ನೀವು ಬಂಗಾರ ಓದಿದ್ರಿ, ಇಬ್ರೂ ನನ್ನನ್ನ ಕೇಳ್ಲಿಲ್ಲ."

ನನ್ನ ಚೀಟಿಯಲ್ಲಿ ಸರಿಯಾದ ದಿನವೇ ಇತ್ತು. ನಮ್ಮಪ್ಪ ಹೆಡ್‌ಮಾಸ್ಟರಿಗೆ ತಾರೀಖನ್ನೂ ತೂಕ ತಪ್ಪಿಸಿ ಕೊಟ್ಟವನಲ್ಲ. ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. ಬೆಳ್ಳಿಯಲ್ಲಾದರೆ ತಾರೀಖನ್ನು ಕೈಯಾರೆ ಬಡಿಯಬೇಕು. ಬಡಿಯುವ ಮೊದಲು ಗಿರಾಕಿಯನ್ನು, 'ಶಾಲೆಯ ತಾರೀಖೋ, ನಿಜವಾದದ್ದೋ' ಎಂದು ಕೇಳುತ್ತೇನೆ. ಒಂಬತ್ತು ವರ್ಷ ದಿನಾ ಕೇಳಿದ ಪ್ರಶ್ನೆ. ಆ ಪ್ರಶ್ನೆ ಕೇಳುವ ಶ್ರಮವನ್ನು ಉಳಿಸಿಕೊಳ್ಳಲು ಹದಿನಾಲ್ಕು ಸಾವಿರ ಕೊಟ್ಟಿದ್ದೆ!

"ಮೊದಲ ದಿನವೇ ಗೊತ್ತಿತ್ತಾ ನಿನಗೆ?"

"ಮೊದಲ ಪುಟ ನೋಡಿದಾಗಲೇ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹದಿನಾಲ್ಕು ಸಾವಿರ ಕೊಟ್ಟಿದ್ರಲ್ಲ. ಪೂರ್ತಿ ನೋಡೋಣ ಅಂತ. ಆ ಗೊನೆ ಹೋಯ್ತಲ್ಲ ಅನ್ನೋದೊಂದೇ ಬೇಜಾರು."

ಕೆಳಗೆ ಓಡಿ ಅಂಗಡಿ ತೆರೆದು ಕದಿರವನಿಗೆ ಫೋನು ಮಾಡಿ ಕೂಗಾಡಿದೆ. ಅವನ ಜೇನು ಒಂದು ಹನಿಯೂ ಕಡಿಮೆಯಾಗಲಿಲ್ಲ. ಬಂಗಾರದಲ್ಲೂ ಕೈಯಾರೆ ಬಡಿಯುವ ಜಾಗ ಇದೆಯಂತೆ, ಬೆಳ್ಳಿಯಲ್ಲಿದ್ದದ್ದೇ. ಹಾಗಾದರೆ ಗಣಿತ ಯಾವುದರಲ್ಲಿ ಸೂಕ್ಷ್ಮ ಎಂದು ಕೇಳಿದೆ.

"ಗಣಿತ ಮೂರರಲ್ಲೂ ಒಂದೇ ಅಣ್ಣಾ. ಪಟ, ಬಣ್ಣ, ಪುಟ ಬೇರೆ ಅಷ್ಟೇ. ನಿಮಗೆ ನಾನು ಹೇಳ್ಬೇಕಾ? ನಮ್ಮಮ್ಮ ನಿಮ್ಮ ಅಂಗಡೀಲೇ ಬಾಟಲಿ ಅರಿಶಿನ ತಗೊಳ್ಳೋದು."

ಫೋನು ಇಟ್ಟೆ. ಹಳೆಯ ಬೆಳ್ಳಿಯನ್ನು ತೆರೆದು, ಐಪ್ಪಸಿ ತಿಂಗಳ ಆ ದಿನವನ್ನು ಒಂದೊಂದೇ ಬೆರಳಲ್ಲಿ ಬಡಿದೆ. ಗಂಟೆಯಿಲ್ಲ, ಶಂಖವಿಲ್ಲ. ಮೂರು ಪುಟ, ಹತ್ತಕ್ಕೆ ಒಂಬತ್ತು. ಕೂಡದಿದ್ದದ್ದು ವಶ್ಯ ಕೂಟ ಒಂದೇ: ಹೆಣ್ಣು ಗಂಡಿಗೆ ವಶಳಾಗಿರುವುದಿಲ್ಲ. ಇಷ್ಟು ನಿಖರವಾಗಿ ಹೇಳುವ ತಂತ್ರಾಂಶ ಸಾವಿರದಿನ್ನೂರಕ್ಕೆ ಸಿಕ್ಕಿತ್ತಲ್ಲ ಎಂದು ಆ ಪುಟವನ್ನು ಕಣ್ಣಿಗೊತ್ತಿಕೊಂಡೆ.

ಆವಣಿ ಹತ್ತಕ್ಕೆ ತಿರುಕ್ಕಡೈಯೂರಿನಲ್ಲಿ ಮಂಗೈ ಹಸೆಯ ಮೇಲೆ ಕೂತಳು. ತಾಳಿಯ ದಾರಕ್ಕೆ ಹಚ್ಚಲು ನಾನು ಅಂಗಡಿಯಿಂದ ಮಹಾಲಕ್ಷ್ಮಿಯ ಪಟವಿರುವ ಬಾಟಲಿಯನ್ನೇ ತಂದಿದ್ದೆ. ಪುರೋಹಿತರು ಮುಚ್ಚಳ ತೆಗೆಯುವಾಗ ಅವಳು ಓರೆಗಣ್ಣಲ್ಲಿ ನೋಡಿದಳು.

"ಪೊಟ್ಟಣದ್ದೇ ಸಾಕಾಗಿತ್ತಲ್ರೀ."

"ಇವತ್ತಾದರೂ ನಿನಗೆ ಸೂಪರ್ ಸ್ಪೆಷಲ್ ಇರ್ಲಿ ಅಂತ" ಅಂದೆ, ಹೊಸ ಮದುಮಗನ ಗತ್ತಿನಲ್ಲಿ.

ನಾದಸ್ವರ ಜೋರಾಯಿತು. ನಾನು ಗಂಟು ಹಾಕಲು ಬಾಗಿದಾಗ, ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಅವಳು ಹೇಳಿದಳು:

"ಅರವತ್ತಾಯ್ತು, ರೇಷ್ಮೆ ಉಟ್ಟಿದೀರ, ಹಾರ ಹಾಕಿದೀರ. ಮೂಟೆ ಮಾತ್ರ ಅದೇ. ಈ ಸಲ ಗೊತ್ತಿದ್ದೇ ತಗೊಳ್ತಿದೀನಿ."